ಶುಕ್ರವಾರದ ನೀಲಿ ಮಾತ್ರೆ

"ಅದನ್ನ ಅಲ್ಲಿಡ್ಬೇಡ ಡಡ್, ಹೇಳಿದೀನಿ!" ಎನ್ನುತ್ತ ವರ್ನಾ ಗಂಡನ ಶವಪೆಟ್ಟಿಗೆಗೆ ಅಡ್ಡ ನಿಂತಳು.

ಪಬ್ಬಿನ ಯಜಮಾನ ಡಡ್ ಕರ್ನಿಕ್‌ನ ಕೈಯಲ್ಲಿ ವಜ್ರದಾಕಾರಕ್ಕೆ ಕಟ್ಟಿಸಿದ ಹೂವಿತ್ತು. ಅಷ್ಟೂ ನೀಲಿ.

"ಪ್ರೀತಿಗೆ ತಂದಿದ್ದು ಕಣಕ್ಕ. ಫುಟ್ಬಾಲ್ ಕ್ಲಬ್ಬಿನೋರೆಲ್ಲ ಸೇರಿ ಮಾಡ್ಸಿದ್ದು."

"ಕ್ಲಬ್ಬಿನ ಬಣ್ಣ ಹಳದಿ. ನನಗೇನು ಕಣ್ಣು ಕಾಣಲ್ವಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕರ್ಚೀಫು ಬಾಯಿಗೊತ್ತಿಕೊಂಡು ನಕ್ಕರು. ನೀಲಿ ವಜ್ರದ ಅರ್ಥ ಟಿನ್‌ಲಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಊರಿನ ಒಂದೇ ಒಂದು ಔಷಧಿ ಅಂಗಡಿಯ ಆಲ್ವಿನ್ ಟ್ರೆಗಿಯರ್ ಮೊನ್ನೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಅವನು ನಗೆಪಾಟಲಾಗಿ ಮಣ್ಣಿಗೆ ಹೋಗಬಾರದು ಎನ್ನುವುದೊಂದೇ ವರ್ನಾಳ ಹಟ. ಹಟದ ತಳದಲ್ಲಿ ಒಂದು ಮುಳ್ಳೂ ಇತ್ತು. ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ಅಷ್ಟರಲ್ಲಿ ಪಾದ್ರಿ ಏದುಸಿರು ಬಿಡುತ್ತ ಓಡಿಬಂದರು. ಗುಂಡಿ ತೋಡುವಾಗ ಸುಣ್ಣಕಲ್ಲಿನ ಬಂಡೆ ಅಡ್ಡ ಬಂದು ಯಂತ್ರದ ಹಲ್ಲೇ ಮುರಿದಿತ್ತಂತೆ. ಮೊದಲು ಊಟ, ಆಮೇಲೆ ಮಣ್ಣು.

"ಬದುಕಿದ್ದಾಗ್ಲೂ ಯಾರನ್ನೂ ಕಾಯಿಸ್ದೆ ಔಷಧಿ ಕೊಟ್ಟೋನಲ್ಲ ಪುಣ್ಯಾತ್ಮ!" ಎಂದ ಡಡ್. ಚರ್ಚು ಘೊಳ್ಳೆಂದಿತು. ಈ ಸಲ ವರ್ನಾಳಿಗೂ ನಗು ತಡೆಯಲಾಗಲಿಲ್ಲ.

*

ಎಲ್ಲ ಶುರುವಾದದ್ದು ಎಷ್ಟೋ ವರ್ಷಗಳ ಹಿಂದೆ, ಡಡ್‌ನ ಗಂಟಲು ನೋವಿನಿಂದ. ಒಂದು ಶುಕ್ರವಾರ ಅವನು ಚೀಪುವ ಮಾತ್ರೆಗೆಂದು ಅಂಗಡಿಗೆ ಹೋದಾಗ ಗಲ್ಲಾದ ಬಳಿ ಯಾರೂ ಇರಲಿಲ್ಲ. ತಡಿಕೆಯ ಹಿಂದೆ ಇಣುಕಿ ನೋಡಿದರೆ ಆಲ್ವಿನ್ ಕಲ್ಲಿನ ಪುಟ್ಟ ಒರಳಲ್ಲಿ ಗಂಡಸುತನಕ್ಕೆಂದು ನುಂಗುವ ವಜ್ರದಾಕಾರದ ನೀಲಿ ಮಾತ್ರೆಗಳನ್ನು ನುಣ್ಣಗೆ ಅರೆಯುತ್ತಿದ್ದ. ಒಂದಲ್ಲ, ಎರಡಲ್ಲ!

ಸಂಜೆಯ ಹೊತ್ತಿಗೆ ಪಬ್ಬಿಗೆ ಪಬ್ಬೇ ಕುಣಿಯಿತು. "ನುಂಗಿದ್ರೆ ಸಾಲಲ್ವಂತೆ, ಅರೆದು ಕುಡೀತಾನಂತೆ!" ಅಂದಿನಿಂದ ಆಲ್ವಿನ್‌ಗೆ ಗೂಳಿ ಎಂದೇ ಹೆಸರಾಯಿತು. ಕಟುಕನ ಅಂಗಡಿಯವನಂತೂ ವರ್ನಾಳನ್ನು ಕಂಡಾಗಲೆಲ್ಲ, "ನಿದ್ದೆ ಆಯ್ತಾ ಅಕ್ಕ?" ಎನ್ನುತ್ತಿದ್ದ.

ಊಟಕ್ಕೆ ಕೂತಾಗ ಅವಳು ಗಂಡನನ್ನು ಕೇಳಿಯೇ ಬಿಟ್ಟಿದ್ದಳು.

"ಊರೋರು ಹೇಳೋದು ನಿಜಾನಾ?"

"ಅರೆದಿದ್ದು ನಿಜ."

"ಯಾರಿಗೆ?"

"ಅಂಗಡಿ ಮಾತು ಅಂಗಡೀಲೇ ವರ್ನಾ. ಅದು ನನ್ನ ಬಾಯಿಂದ ಬರಲ್ಲ."

"ನಾನು ನಿನ್ನ ಹೆಂಡ್ತಿ ಕಣೋ!"

"ಗೊತ್ತು. ಆ ಸಾಸ್ ಇತ್ತ ಕೊಡು."

ಅವಳು ಬಾಟಲಿಯನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಗೋಡೆಯೆಲ್ಲ ಕೆಂಪಾಯಿತು. ಊರಿನ ನಗುವನ್ನಾದರೂ ತಡೆದುಕೊಂಡಾಳು. ಆದರೆ ಆ ಔಷಧಿಯ ಪ್ರತಾಪ ಮನೆಯಲ್ಲಂತೂ ಕಂಡಿರಲಿಲ್ಲ. ಹಾಸಿಗೆಗೆ ಬಿದ್ದನೆಂದರೆ ಗೊರಕೆ. ಮತ್ತೆ ಅದೆಲ್ಲ ಯಾರಿಗೆ? ಶುಕ್ರವಾರ ತಡವಾಗಿ ಮನೆಗೆ ಬರುತ್ತಿದ್ದ, ಅಂಗಿಯಿಂದ ಚೆರಿ ಹಣ್ಣಿನ ಸಿಹಿ ವಾಸನೆ ಬೇರೆ. ಯಾವ ಹೆಂಗಸಿನ ಅತ್ತರೋ ಏನೋ ಎಂದು ಅವಳು ಆ ಅಂಗಿಗಳನ್ನು ಮೂಸಿ ಮೂಸಿ ಒಗೆದಿದ್ದಳು. ಕೆಲವು ವರ್ಷಗಳ ಮೇಲೆ ಅರೆಯುವುದು ನಿಂತಿತು, ವಾಸನೆಯೂ ನಿಂತಿತು. ಮುಳ್ಳು ಮಾತ್ರ ಅಲ್ಲೇ ಉಳಿಯಿತು.

*

ಊರಿನ ಸಭಾಭವನದಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚು, ಮಾಂಸ ತುಂಬಿದ ಬಿಸಿ ಪೇಸ್ಟಿ, ಚಹಾ, ಬಿಯರು. ಮಾತೋ ಮಾತು. ವರ್ನಾ ಡಾಕ್ಟರ್ ಯೊಆನು ಅವರನ್ನು ಮೂಲೆಗೆಳೆದಳು. ಈಗ ಕೇಳದಿದ್ದರೆ ಇನ್ನು ಯಾವಾಗ?

"ಡಾಕ್ಟ್ರೇ, ಅವನಂತೂ ಹೋದ. ನೀವಾದ್ರೂ ಹೇಳಿ. ಯಾರವಳು?"

ಮುದುಕ ಡಾಕ್ಟರು ಕಪ್ಪನ್ನೇ ನೋಡಿದರು. "ಗೊತ್ತಿದ್ರೂ ನಾನು ಹೇಳೋ ಹಾಗಿಲ್ಲ ವರ್ನಾ."

ಹಾಗಾದರೆ ಒಬ್ಬಳು ಇದ್ದದ್ದು ನಿಜ! ಅಷ್ಟರಲ್ಲಿ ಡಡ್ ಕುರ್ಚಿ ಹತ್ತಿ ನಿಂತಿದ್ದ.

"ನಮ್ಮ ಗೂಳಿಗೆ ಒಂದು ಜೈ ಅನ್ರಪ್ಪಾ! ಶುಕ್ರವಾರ ಬಂತು ಅಂದ್ರೆ ಒರಳು, ಒರಳು ಅಂದ್ರೆ ನೀಲಿ ಮಾತ್ರೆ..."

"ಒಂದ್ನಿಮಿಷ!" ಬಾಗಿಲ ಬಳಿಯಿಂದ ಒಬ್ಬ ಹೆಂಗಸು ಕೂಗಿದಳು. "ಶುಕ್ರವಾರ ಅಂದ್ರಾ?"

ಅವಳು ಶೋನಾ. ಉಪ್ಪಿನ ಕೆರೆಯಾಚೆ ಕುರಿ ಸಾಕಿಕೊಂಡಿದ್ದವಳು, ಊರಿಗೆ ಬಂದರೂ ಯಾರೊಡನೆಯೂ ನಿಂತು ಮಾತಾಡಿದವಳಲ್ಲ. ಮಗಳನ್ನು ಶಾಲೆಗೆ ಸೇರಿಸುವಾಗ ಪಟ್ಟಣ ಸೇರಿದ್ದಳು. ಪಕ್ಕದಲ್ಲಿ ಅವಳಿಗಿಂತ ಒಂದು ಗೇಣು ಎತ್ತರದ ಮಗಳು ಟ್ಯಾಮ್ಸಿನ್.

"ಡಾಕ್ಟ್ರೇ, ಇದು ನನ್ನ ಮಗಳ ವಿಷಯ. ನಾನು ಹೇಳ್ಬಹುದಲ್ವಾ?"

"ನಿನ್ನದನ್ನ ನೀನು ಹೇಳಮ್ಮ. ದಯವಿಟ್ಟು ಹೇಳು!" ಎಂದು ಡಾಕ್ಟರು ಕಪ್ಪನ್ನು ಕೆಳಗಿಟ್ಟರು.

"ಆ ಮಾತ್ರೆ ಅರೀತಿದ್ದಿದ್ದು ಇವಳಿಗೆ ಕಣ್ರಯ್ಯಾ! ಹುಟ್ಟಿದಾಗ ಮೈಯೆಲ್ಲ ನೀಲಿಗಟ್ಟಿತ್ತು. ಶ್ವಾಸಕೋಶದ ರಕ್ತನಾಳ ಬಿಗಿದ್ಕೊಂಡಿತ್ತು, ಉಸಿರು ಎಳ್ಕೊಳ್ಳೋಕಾಗ್ತಿರ್ಲಿಲ್ಲ. ಅದನ್ನ ಸಡಿಲ ಮಾಡೋದು ಆ ಮಾತ್ರೆ ಒಂದೇ ಅಂತ ದೊಡ್ಡಾಸ್ಪತ್ರೆಯೋರು ಬರೆದ್ಕೊಟ್ರು. ಶುಕ್ರವಾರ ಅಂಗಡಿ ಮುಚ್ಚೋ ಹೊತ್ತಿಗೆ ಬಂದು ಸಿರಪ್ಪು ಒಯ್ತಿದ್ದೆ."

ಡಾಕ್ಟರಿಗೆ ಈಗ ತಡೆಯಲಾಗಲಿಲ್ಲ.

"ಡಬ್ಬಿ ಮೇಲೆ ಗಂಡಸರಿಗೆ ಅಂತ ಇತ್ತು, ಲೈಸೆನ್ಸು ಇದ್ದಿದ್ದೂ ಅಷ್ಟಕ್ಕೇ. ಕೂಸುಗಳಿಗೆ ಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬರೆದೋರ ತಲೆಗೆ, ಮಾಡಿಕೊಟ್ಟೋರ ತಲೆಗೆ. ಬೇರೆ ಊರಿನ ಅಂಗಡಿಯೋರು ಒಲ್ಲೆ ಅಂದ್ರು. ಇವನು ನನ್ನ ಜೊತೆ ಫೋನಲ್ಲಿ ಬಡಿದಾಡಿ, ದೊಡ್ಡಾಸ್ಪತ್ರೆಯೋರ ನಿದ್ದೆ ಕೆಡಿಸಿ, ಕೂಸಿನ ತೂಕಕ್ಕೆ ಎಷ್ಟು ಅನ್ನೋದನ್ನ ಮತ್ತೆ ಮತ್ತೆ ಲೆಕ್ಕ ಹಾಕಿಸ್ದ. ಆಮೇಲೇ ಒರಳು ಮುಟ್ಟಿದ್ದು. ಮಾಡಿಟ್ಟರೆ ಕೆಡುತ್ತಲ್ಲ, ಅದಕ್ಕೇ ಹೊಸದಾಗಿ ಅರೀಬೇಕಿತ್ತು."

ವರ್ನಾ ಜನರನ್ನು ಸರಿಸಿಕೊಂಡು ಹುಡುಗಿಯ ಮುಂದೆ ಬಂದು ನಿಂತಳು.

"ಚೆರಿ... ಚೆರಿ ವಾಸನೆ ಯಾಕೆ ಬರ್ತಿತ್ತು ಮಗೂ?"

"ಬರೀ ಔಷಧಿ ವಿಪರೀತ ಕಹಿ ಅಜ್ಜಿ! ನಾನು ಉಗುಳ್ತಿದ್ನಂತೆ. ತಾತ ಚೆರಿ ಪಾನಕ ಬೆರೆಸಿದ ಮೇಲೇ ಗಟಗಟ ಕುಡ್ದಿದ್ದಂತೆ."

"ಅಯ್ಯೋ ಪಾಪಿ!" ವರ್ನಾ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ಒಂದು ಮಾತು ಹೇಳ್ಬಾರ್ದಿತ್ತಾ? ಸಾಸಿನ ಬಾಟ್ಲಿ ಕುಕ್ಕಿದೆನಲ್ಲೋ! ಮೂದೇವಿ, ನನ್ನ ಬಂಗಾರ!"

ಅವಳು ಹುಡುಗಿಯನ್ನು ಬಾಚಿ ತಬ್ಬಿಕೊಂಡಳು. ಡಡ್ ಮೆಲ್ಲಗೆ ಕುರ್ಚಿಯಿಂದ ಇಳಿದ.

*

ಗುಂಡಿ ಸಿದ್ಧವಾಗಿದೆಯೆಂದು ಸುದ್ದಿ ಬಂತು. ಹೊರಗೆ, ಆ ದಕ್ಷಿಣದ ನಾಡಿನ ನಡು ಚಳಿಗಾಲವಾದ ಜುಲೈನ ಗಾಳಿ ಕೊಲ್ಲಿಯ ಕಡೆಯಿಂದ ಕೊರೆಯುತ್ತ ಬೀಸುತ್ತಿತ್ತು. ಡಡ್ ನೀಲಿ ಹೂವನ್ನು ಕೋಟಿನ ಹಿಂದೆ ಬಚ್ಚಿಟ್ಟುಕೊಂಡು ಕಸದ ತೊಟ್ಟಿಯತ್ತ ಸರಿಯುತ್ತಿದ್ದ.

"ಎಸೆದ್ರೆ ನೋಡು!" ವರ್ನಾ ಗದರಿದಳು. "ಕೊಡಿಲ್ಲಿ."

"ತಪ್ಪಾಯ್ತು ವರ್ನಕ್ಕ."

"ಆಯ್ತು, ಆಯ್ತು. ಹೆಗಲು ಕೊಡು ನಡಿ."

ಅವಳು ಚರ್ಚಿಗೆ ಮರಳಿ ನೀಲಿ ವಜ್ರವನ್ನು ಪೆಟ್ಟಿಗೆಯ ಹೊದಿಕೆಯ ನಟ್ಟನಡುವೆ ಇಟ್ಟು, ಗಾಳಿಗೆ ಹಾರದಂತೆ ತನ್ನ ಶಾಲಿನ ಪಿನ್ನು ಚುಚ್ಚಿದಳು.

ಗುಡ್ಡದ ದಾರಿ ಕೆಸರಾಗಿತ್ತು, ವಾಹನ ಏರುವಂತಿರಲಿಲ್ಲ. ಹೊತ್ತೇ ಹೋಗಬೇಕು. ಅರ್ಧ ದಾರಿಗೆ ಡಡ್‌ನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. "ನನ್ಕೈಲಾಗಲ್ಲ, ಉಸಿರೇ ಸಿಗ್ತಿಲ್ಲ" ಎಂದು ಅವನು ನಿಂತುಬಿಟ್ಟ.

"ಮಾವ, ಸರ್ಕೊಳ್ಳಿ" ಎಂದು ಟ್ಯಾಮ್ಸಿನ್ ಅವನ ಜಾಗಕ್ಕೆ ಹೆಗಲು ಕೊಟ್ಟಳು. ಪೆಟ್ಟಿಗೆ ಮತ್ತೆ ಚಲಿಸಿತು, ಮೊದಲಿಗಿಂತ ಜೋರಾಗಿ. ವರ್ನಾ ಪಕ್ಕದಲ್ಲೇ ಓಡುನಡಿಗೆಯಲ್ಲಿ ನಡೆದಳು, ಕಣ್ಣನ್ನು ಹುಡುಗಿಯ ಮುಖದಿಂದ ಕೀಳಲಿಲ್ಲ. ಚಳಿಗೆ ಊರವರೆಲ್ಲರ ತುಟಿ ನೀಲಿಗಟ್ಟಿತ್ತು. ಆ ಹುಡುಗಿಯದು ಮಾತ್ರ, ಈಗಷ್ಟೇ ಚೆರಿ ಹಣ್ಣು ತಿಂದವಳ ಹಾಗೆ, ಕೆಂಪಗಿತ್ತು.