ಜಳಕವಿಲ್ಲದ ತುತ್ತು

ಪುಣೆಯ ಬಿಬವೇವಾಡಿಯಲ್ಲಿ ನಲ್ಲಿಯ ನೀರು ನಿಂತ ದಿನ ಶಿವರುದ್ರಪ್ಪನವರ ಮನೆಯಲ್ಲಿ ಚಹವೂ ನಿಲ್ಲುತ್ತದೆ. ಜಳಕವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ಹನಿ ನೀರೂ ಇಲ್ಲ. ಧಾರವಾಡದ ಕಡೆಯಿಂದ ಬಂದು ಪುಣೆ ಕ್ಯಾಂಪಿನಲ್ಲಿ ಬಟ್ಟೆಯಂಗಡಿ ಹಾಕಿದ ಈ ಮಹಾನುಭಾವರು, ಕಡುಬೇಸಗೆಯಲ್ಲೂ ಕಳಚದ ಕರಿ ಕೋಟು ತೊಟ್ಟು, ನೆಲಕ್ಕೇ ಗಜಕಡ್ಡಿ ಹಿಡಿದವರಂತೆ ಅಳೆದಳೆದು ಹೆಜ್ಜೆಯಿಡುತ್ತ, ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಬಚ್ಚಲು ಎಲ್ಲಿ ಎಂದೇ. ಹೆಂಡತಿ ಕಾಶವ್ವನಿಗೂ ಅದೇ ವ್ರತ ಕಲಿಸಿದ್ದರು. ಆಕೆಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಬೆಳಗಿನ ಗುಳಿಗೆಗೆ ಮಾತ್ರ ವಿನಾಯಿತಿ ಸಿಕ್ಕಿತು. "ಔಷಧಕ್ಕ ದೋಷ ಇಲ್ಲ. ಮುಗೀತಷ್ಟ." ಆ "ಮುಗೀತಷ್ಟ" ಎಂಬುದು ಅವರ ಪ್ರತಿ ಮಾತಿನ ಮೇಲೂ ಬೀಳುವ ಮುದ್ರೆ, ಅದರ ಮುಂದೆ ವಾದವಿಲ್ಲ.

ಹೋದ ವರ್ಷ ದಂಪತಿಗಳು ಅಂಡಮಾನ್ ನೋಡಲು ಹೋದರು. ಒಂದು ಪುಟ್ಟ ದ್ವೀಪದಲ್ಲಿ ತಂಗಿದ್ದಾಗ ನಸುಕಿನಲ್ಲೇ ಯಾರೋ ಬಾಗಿಲು ಬಡಿದರು: ಚಂಡಮಾರುತ ಬರುತ್ತಿದೆ, ದೊಡ್ಡ ದ್ವೀಪಕ್ಕೆ ಇದೇ ಕೊನೆಯ ಬೋಟು, ಎದ್ದ ಹಾಗೇ ಹೊರಡಿ! ಕಾಶವ್ವ ರೂಢಿಯಂತೆ ಗುಳಿಗೆ ನುಂಗಿದಳು. ಜಳಕಕ್ಕೆ ಪುರುಸೊತ್ತೆಲ್ಲಿ? "ದಂಡಿ ಮುಟ್ಟಿದ ಮ್ಯಾಲೆ ಪೂಜಾ, ಆಮ್ಯಾಲೆ ಊಟ" ಎಂದು ಯಜಮಾನರು ಅಪ್ಪಣೆ ಕೊಡಿಸಿಯೇಬಿಟ್ಟರು. ಗುಳಿಗೆ ಹೊಟ್ಟೆಯಲ್ಲಿದ್ದರೆ ಅನ್ನವೂ ಬೀಳಬೇಕೆಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಮುದ್ರ ಬೋಟನ್ನು ಎತ್ತಿ ಎತ್ತಿ ಕುಕ್ಕತೊಡಗಿತು. ಸಕ್ಕರೆ ತೀರ ಇಳಿದು ಕಾಶವ್ವನ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲಿತು. ಶಿವರುದ್ರಪ್ಪನವರ ಜೀವ ಬಾಯಿಗೆ ಬಂತು. ಡಬ್ಬಿ ತೆರೆದು, ಊರಿಂದ ತಂದ ಶೇಂಗಾ ಹೋಳಿಗೆಯ ಚೂರು ಮುರಿದು ಆಕೆಯ ತುಟಿಗೆ ಹಿಡಿದರು.

ಆಕೆ ಮುಖ ತಿರುಗಿಸಿದಳು. "ಜಳಕ ಆಗಿಲ್ಲಲ್ರೀ..."

"ನಾನ ಹೇಳಾಕತ್ತೀನಿ, ತಿನ್ನು."

"ನೀವು ತಿಂದ್ರ ತಿಂತೀನಿ."

ಎಲಾ ಇವಳ! ಕಣ್ಣು ಮೇಲಕ್ಕೆ ಹೋಗುತ್ತಿರುವಾಗಲೂ ಹಟ ನೋಡಿ! ಆದರೆ ಆ ಹಟ ಕಲಿಸಿದ ಗುರು ಯಾರು? ಮೀಸೆ ಬಂದಂದಿನಿಂದ ಪೂಜೆಗೆ ಮುಂಚೆ ಎಂಜಲಾಗದಿದ್ದ ಬಾಯಿಗೆ ಶಿವರುದ್ರಪ್ಪನವರು ಹೋಳಿಗೆ ತುರುಕಿಕೊಂಡರು, ಅಗಿದರು, ನುಂಗಿದ್ದನ್ನು ಬಾಯಿ ತೆರೆದು ತೋರಿಸಿದರು. ಆಗ ಆಕೆಯೂ ಬಾಯಿ ತೆರೆದಳು.

ನಿಧಾನವಾಗಿ ಬೆವರು ಆರಿತು, ಕಣ್ಣು ನೆಲೆಗೆ ಬಂದವು. ಬಿರುಗಾಳಿಗಿಂತ ಮೊದಲೇ ಬೋಟು ದಂಡೆ ಸೇರಿತು. ವಸತಿಗೃಹದ ಮಂಚದ ಮೇಲೆ ಕಾಲು ಚಾಚಿಕೊಂಡು ಕಾಶವ್ವ ಗಂಡನನ್ನು ಕೆಣಕಿದಳು: "ಅಲ್ರೀ, ವ್ರತ ಬಿಡೂದು ಇಷ್ಟು ಹಗುರಿತ್ತೇನು?"

"ಹಗುರಿದ್ದಿಲ್ಲ, ಕಾಶೀ. ಭಾಳ ಹೆದರಿದ್ದೆ" ಎಂದರು ಶಿವರುದ್ರಪ್ಪನವರು, ಮತ್ತು ಮಗುವಿನಂತೆ ಅತ್ತರು.

ಇಂಥ ನಿಯಮನಿಷ್ಠರೊಡನೆ ಸಂಸಾರ ಮಾಡುವುದು ಕಷ್ಟವೇ. ಎಲ್ಲರೆದುರು ಹೊಗಳಿಸಿಕೊಳ್ಳುವ ಅವರ ನಿಷ್ಠೆಯ ಭಾರವನ್ನು ಮನೆಯವರು ಹೊರುತ್ತಾರೆ. ಆದರೆ ಜನ್ಮದಲ್ಲಿ ಒಮ್ಮೆ ಅವರು ಸೋತರೆ, ಯಾರಿಗಾಗಿ ಸೋತರೋ ಅವರು ತಮ್ಮ ಮೇಲಿನ ಪ್ರೀತಿ ಎಷ್ಟೆಂದು ಮತ್ತೆಂದೂ ಕೇಳಿ ತಿಳಿಯಬೇಕಾಗಿಲ್ಲ.