ಬರಿಗತ್ತರಿ

ನಿವೃತ್ತ ಗುಮಾಸ್ತರ ಕಿವಿಗೆ ಕತ್ತರಿಯ ತುದಿ ತಾಗಿದಾಗಲೇ ಕ್ಷೌರಿಕನಿಗೆ ಅನ್ನಿಸಿದ್ದು, ಇದನ್ನು ಇನ್ನು ಹೀಗೇ ಬಿಟ್ಟರೆ ಆಗದು ಎಂದು. ಗಾಯ ದೊಡ್ಡದೇನಲ್ಲ, ಸಾಸಿವೆ ಕಾಳಿನಷ್ಟು ರಕ್ತ. ಪಟಿಕದ ಕಲ್ಲು ಒತ್ತಿ ಹಿಡಿದ, ನಿಂತಿತು. ಆದರೆ ಅಂಗಡಿ ತೆರೆದ ಇಷ್ಟು ವರ್ಷಗಳಲ್ಲಿ ಅವನ ಕೈ ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ.

"ಕೂದಲು ಕತ್ತರಿಸು ಅಂದೆ ಕಣಪ್ಪಾ," ಎಂದರು ಗುಮಾಸ್ತರು, ಕನ್ನಡಿಯಲ್ಲಿ ಕಿವಿ ನೋಡಿಕೊಳ್ಳುತ್ತಾ. "ಕಿವಿ ಇರ್ಲಿ. ಕನ್ನಡಕ ಸಿಗಿಸೋಕೆ ಬೇಕು."

"ತಪ್ಪಾಯ್ತು ಯಜಮಾನ್ರೇ. ರಾತ್ರಿ ನಿದ್ದೆ ಇಲ್ಲ."

"ಪಕ್ಕದ್ಮನೆ ನಾಯಿನಾ?"

"ಅದೇ. ಶನಿ."

ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಬೇಕೆ? ವೈರ್‌ಮನ್ ಪೇಪರ್ ಮಡಿಸಿಟ್ಟ. "ಕಿವಿಗೆ ಹತ್ತಿ ಇಟ್ಕೋ ಅಣ್ಣ."

"ಇಟ್ಟೆ. ನಾಯಿ ಬೊಗಳೋದೂ ಕೇಳುತ್ತೆ, ಜೊತೆಗೆ ನನ್ನ ಎದೆ ಬಡ್ಕೊಳ್ಳೋದೂ ಕೇಳುತ್ತೆ."

"ಹಂಗಾದ್ರೆ ನೀನೂ ತಿರುಗಿ ಬೊಗಳು. ಅದಕ್ಕೂ ಗೊತ್ತಾಗ್ಲಿ."

"ನಾಯಿ ಬೊಗಳಿದರೆ ದೇವಲೋಕ ಹಾಳಾಗಲ್ಲ ಬಿಡ್ರಪ್ಪ," ಎಂದರು ಗುಮಾಸ್ತರು.

"ದೇವಲೋಕದ ಮಾತು ನಂಗೆ ಗೊತ್ತಿಲ್ಲ ಯಜಮಾನ್ರೇ. ನಿಮ್ಮ ಕಿವಿ ಹಾಳಾಯ್ತಲ್ಲ."

ಎಲ್ಲರೂ ನಕ್ಕರು. ಕ್ಷೌರಿಕನೂ ನಕ್ಕ. ಹಗಲು ಅಂಗಡಿಯಲ್ಲಿ ಅವನಿಗೆ ನಗುವುದು ಕಷ್ಟವಾಗುತ್ತಿರಲಿಲ್ಲ. ಮಾತಾಡುವವರು ತಾವಾಗಿಯೇ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಮಾತು ಅವರದು, ಕೈ ಇವನದು. ಕಷ್ಟವೆಲ್ಲ ಶಟರ್ ಎಳೆದ ಮೇಲೆ.

ಅವನ ಮನೆ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಮೇಲಿನ ಮಹಡಿಯಲ್ಲಿ ಆ ಮನೆಗಳ ಮಾಲೀಕ. ಕ್ಷೌರಿಕನಿಗೆ ಮಕ್ಕಳಿರಲಿಲ್ಲ. ಹೆಂಡತಿ ಹೋದ ವರ್ಷ ತೀರಿಕೊಂಡಿದ್ದಳು. ಅವಳಿದ್ದಾಗ ಮನೆಯಲ್ಲಿ ಬಾಗಿಲಿನಿಂದ ಒಲೆಯವರೆಗೂ ಮಾತು ಇತ್ತು. ಈಗ ನಲ್ಲಿ ತಿರುಗಿಸಿದರೆ ಅದೊಂದೇ ಸದ್ದು. ಸಂಜೆ ಅನ್ನ ಮಾಡಿಕೊಂಡು, ನಿಂತೇ ಉಂಡು, ಪಾತ್ರೆ ತೊಳೆದು ಒಳಕೋಣೆಗೆ ಬರುತ್ತಿದ್ದ. ಬಟ್ಟೆಯ ಸುರುಳಿ ಬಿಚ್ಚಿ ಕತ್ತರಿಗಳನ್ನು ಹೊರಗೆ ತೆಗೆಯುತ್ತಿದ್ದ. ಅವನ್ನು ಅವನು ಅಂಗಡಿಯಲ್ಲಿ ಬಿಟ್ಟು ಬಂದದ್ದೇ ಇಲ್ಲ. ಕತ್ತರಿಗೆ ಬೇರೆಯವರ ಕೈ ತಾಗಿದರೆ ಅದರ ಬಾಯಿ ಕೆಡುತ್ತದೆ, ಹರಿತ ಹೋಗುತ್ತದೆ ಎಂದು ಕೆಲಸ ಕಲಿಸಿದ ಸೋದರಮಾವ ಹೇಳಿದ್ದ. ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟು, ಅದು ಹರಡಲಿ ಎಂದು ಕತ್ತರಿಯನ್ನು ಗಾಳಿಯಲ್ಲಿ ಆಡಿಸುತ್ತಿದ್ದ. ಅಷ್ಟರಲ್ಲಿ ಆ ಕಡೆಯಿಂದ ನಾಯಿ ಶುರುಮಾಡುತ್ತಿತ್ತು.

"ಬಂತಪ್ಪ ಇವತ್ತಿನದು," ಎಂದುಕೊಂಡು, ಅದು ನಿಲ್ಲುವವರೆಗೂ ಮಲಗಿ ಪ್ರಯೋಜನವಿಲ್ಲವೆಂದು ಅವನು ಗೋಡೆಗೊರಗಿ ಕೂರುತ್ತಿದ್ದ. ಅದು ನಿಲ್ಲುತ್ತಿರಲಿಲ್ಲ. ಇವನೂ ಏಳುತ್ತಿರಲಿಲ್ಲ.

ಪಕ್ಕದ ಮನೆ ನರ್ಸಕ್ಕನದು. ಆಸ್ಪತ್ರೆಯಿಂದ ನಿವೃತ್ತಿಯಾಗಿ ಮನೆಗೆ ಬಂದವಳಿಗೆ ಮನೆಯಲ್ಲೂ ಅದೇ ಕೆಲಸ ಕಾದಿತ್ತು. ಬಸ್ ಡ್ರೈವರ್ ಆಗಿದ್ದ ಗಂಡ ಪಾರ್ಶ್ವವಾಯು ಬಡಿದು ಮಂಚ ಹಿಡಿದಿದ್ದ. ನಾಯಿ ಅವನದು. ಮೈತುಂಬ ಜೂಲು, ಎರಡು ಆಳಿನ ಗಂಟಲು. ಬಸ್ಸಿನ ಹಾರನ್ ಕೆಟ್ಟ ದಿನ ಈ ನಾಯಿಯನ್ನೇ ಮುಂದೆ ಕೂರಿಸಿಕೊಂಡು ಹೋಗಬಹುದು ಎಂದು ಡ್ರೈವರಣ್ಣ ಅದಕ್ಕೆ ಹಾರನ್ ಎಂದೇ ಹೆಸರಿಟ್ಟಿದ್ದ. ಅವನು ಬದುಕಿರುವವರೆಗೂ ನಾಯಿ ರಾತ್ರಿ ಅವನ ಮಂಚದ ಕೆಳಗೆ ಮಲಗುತ್ತಿತ್ತು, ಒಂದು ಸೊಲ್ಲಿಲ್ಲ. ಡ್ರೈವರಣ್ಣ ಹೋದ, ಬೊಗಳು ಶುರುವಾಯಿತು. ದುಃಖ, ನಾಲ್ಕು ದಿನ ಇರುತ್ತದೆ ಎಂದು ಬೀದಿಯವರು ಸುಮ್ಮನಿದ್ದರು. ನಾಲ್ಕು ದಿನ ಹೋಗಿ ತಿಂಗಳುಗಳಾದವು. ಇನ್ನೊಬ್ಬರ ದುಃಖಕ್ಕೆ ಬೀದಿ ಕೊಡುವ ರಜೆ ಅಷ್ಟು ಉದ್ದ ಇರುವುದಿಲ್ಲ.

ಗುಮಾಸ್ತರ ಕಿವಿ ತಾಗಿದ ದಿನವೇ ಕ್ಷೌರಿಕ ಮಹಡಿ ಹತ್ತಿ ಮಾಲೀಕನಿಗೆ ಹೇಳಿದ. ಮಾಲೀಕ ಈ ಮಾತಿಗಾಗಿಯೇ ಕಾಯುತ್ತಿದ್ದವನ ಹಾಗೆ ಎದ್ದು ಕೂತ. ಮನೆಯಲ್ಲಿ ಮಗಳು ಹಸುಗೂಸಿನೊಂದಿಗೆ ಇದ್ದಳು.

"ನಾನೇ ಹೇಳೋಣ ಅಂದ್ರೆ, ಗಂಡನ್ನ ಕಳ್ಕೊಂಡೋಳ ಮೇಲೆ ಜಬರ್ದಸ್ತು ಮಾಡ್ದ ಅಂತಾರೆ. ಗೋಡೆ ಪಕ್ಕದೋನು ನೀನೇ ಹೇಳಿದ್ಮೇಲೆ ಮುಗೀತು. ನಾಯಿನ ಕಳಿಸ್ಬೇಕು, ಇಲ್ಲಾ ಮನೆ ಬಿಡ್ಬೇಕು."

"ಕಳಿಸೋದು ಅಂದ್ರೆ..." ಕ್ಷೌರಿಕ ತಡವರಿಸಿದ. ಕಟ್ಟಿಹಾಕಿಸುವುದೋ, ಬೈಯುವುದೋ, ಅಷ್ಟನ್ನೇ ಅವನು ಯೋಚಿಸಿದ್ದು.

"ಊರಾಚೆ ನನ್ನ ಗೋದಾಮಿದೆ. ಕಾವಲಿಗೆ ಇರ್ಲಿ. ಅಲ್ಲಿ ಎಷ್ಟು ಬೊಗಳಿದ್ರೂ ಕೇಳೋರಿಲ್ಲ."

ಕೇಳೋರಿಲ್ಲ ಎಂಬ ಮಾತು ಮೆಟ್ಟಿಲಿಳಿಯುವಾಗ ಕ್ಷೌರಿಕನ ಹಿಂದೆಯೇ ಬಂತು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡ. ನಿದ್ದೆ ಬಾರದವನಿಗೆ ಒಬ್ಬ ಶತ್ರು ಸಿಕ್ಕಿದರೆ ಅರ್ಧ ಸಮಾಧಾನ; ಆ ಶತ್ರು ನಾಲ್ಕು ಕಾಲಿನದಾದರೆ ನ್ಯಾಯ ಅನ್ಯಾಯದ ಲೆಕ್ಕವೂ ಬೇಕಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆಯಾದ ಹೊತ್ತಿಗೆ ನರ್ಸಕ್ಕ ಬಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ನಾಳೆ ಗೋದಾಮಿನ ಗಾಡಿ ಬರುತ್ತಂತೆ, ಹಾರನ್ನ ಕರ್ಕೊಂಡು ಹೋಗೋಕೆ."

ಕ್ಷೌರಿಕ ಬಾಚಣಿಗೆ ಒರೆಸುತ್ತಲೇ ಇದ್ದ. ಅದು ಆಗಲೇ ಒಣಗಿತ್ತು.

"ಅಕ್ಕಾ, ನಾನೇ..."

"ಗೊತ್ತು. ಓನರ್ರು ಹೇಳಿದ್ರು. ನೀವು ಹೇಳಿದ್ದು ತಪ್ಪಲ್ಲ ಅಣ್ಣ. ನಿಮ್ಮ ಕಣ್ಣು ನೋಡಿದ್ರೆ ನನಗೇ ಪಾಪ ಅನ್ಸುತ್ತೆ. ಒಂದು ಉಪಕಾರ ಆಗ್ಬೇಕು. ಮೈಯೆಲ್ಲ ಜಡೆಗಟ್ಟಿದೆ. ನಾನು ಹಿಡಿದ್ರೆ ನಿಲ್ಲಲ್ಲ. ಹೋಗೋ ಕಡೆ ಒಂದಿಷ್ಟು ನೀಟಾಗಿ ಹೋಗ್ಲಿ ಅಂತ. ಗಲೀಜು ನಾಯಿನ ಯಾರೂ ಹತ್ರ ಕರಿಯಲ್ಲ."

ಬೇರೆ ಯಾರಾದರೂ ನಾಯಿಗೆ ಕತ್ತರಿ ಹಾಕು ಎಂದಿದ್ದರೆ ಕ್ಷೌರಿಕ ಸಿಟ್ಟಾಗುತ್ತಿದ್ದ. ಈಗ ಮಾತಾಡದೆ ಹಳೆಯ ಕತ್ತರಿಯನ್ನು ಹುಡುಕಿ ತೆಗೆದುಕೊಂಡ, ಶಟರ್ ಎಳೆದ, ಅವಳ ಹಿಂದೆ ನಡೆದ.

ಆ ಮನೆಗೆ ಅವನು ಹೊಸಬನಲ್ಲ. ಡ್ರೈವರಣ್ಣ ಮಂಚ ಹಿಡಿದ ಮೇಲೆ ಕೂದಲು, ಗಡ್ಡಕ್ಕೆ ಇವನೇ ಬರುತ್ತಿದ್ದ. ನಡುಮನೆ ಹಾಗೇ ಇತ್ತು. ಕಿಟಕಿಯ ಬಳಿ ನರ್ಸಕ್ಕನ ಹಾಸಿಗೆ, ಮೂಲೆಯಲ್ಲಿ ಗಾಲಿಕುರ್ಚಿ, ಅದರ ಮೇಲೆ ಮಡಚಿಟ್ಟ ಬಟ್ಟೆಯ ರಾಶಿ. ಡ್ರೈವರಣ್ಣ ಮಲಗುತ್ತಿದ್ದ ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು, ಚಿಲಕ ಹಾಕಿತ್ತು.

ಹಾರನ್ ಇವನನ್ನು ನೋಡಿ ಬಾಲ ಆಡಿಸಿತು. ಶನಿ ಎಂದು ಬೈದಿದ್ದು ಅದಕ್ಕೇನು ಗೊತ್ತು? ನರ್ಸಕ್ಕ ಅದರ ಕುತ್ತಿಗೆ ಹಿಡಿದು ಕೂತಳು. ಕ್ಷೌರಿಕ ಎದುರಿಗೆ ಮಂಡಿಯೂರಿ ಕತ್ತರಿ ಎತ್ತಿದ. ಎಲ್ಲಿಂದ ಶುರುಮಾಡುವುದೆಂದು ನೋಡುತ್ತಿದ್ದಾಗ ಅವನ ಕೈ ತನ್ನ ಪಾಡಿಗೆ ತಾನು ಗಾಳಿಯಲ್ಲಿ ಆಡಿತು. ಕಚಕ್ ಕಚಕ್ ಕಚಕ್.

ಹಾರನ್ ಕೊಸರಿಕೊಂಡು ಎದ್ದಿತು. ಮುಚ್ಚಿದ ಬಾಗಿಲಿಗೆ ಓಡಿತು. ಮುಂದಿನ ಎರಡು ಕಾಲೂ ಬಾಗಿಲಿಗೆ ಊರಿ ಬೊಗಳತೊಡಗಿತು. ಅದೇ ಬೊಗಳು. ಎರಡು ಗಟ್ಟಿ, ಒಂದು ಎಳೆದದ್ದು, ಆಮೇಲೆ ಮತ್ತೆ ಎರಡು ಗಟ್ಟಿ. ಗೋಡೆಯ ಆಚೆ ಕೂತು ರಾತ್ರಿಯೆಲ್ಲ ಕೇಳಿದವನಿಗೆ ಅದು ಬಾಯಿಪಾಠವಾಗಿತ್ತು.

"ನೋಡಿ, ರಾತ್ರಿನೂ ಹಿಂಗೇ," ನರ್ಸಕ್ಕ ದನಿ ತಗ್ಗಿಸಿದಳು. "ಬೀದಿ ಕಡೆ ತಿರುಗಿ ಬೊಗಳಲ್ಲ ಅಣ್ಣ. ಈ ಬಾಗಿಲಿಗೇ. ಒಳಗೆ ಯಾರೋ ಇದಾರೆ ಅನ್ನೋ ಹಾಗೆ. ನಾನು ಯಾರಿಗೂ ಹೇಳಿಲ್ಲ. ಹೇಳಿದ್ರೆ ದೆವ್ವ ಅಂತಾರೆ. ನನಗೂ ಒಂದೊಂದ್ಸಲ..."

ಕ್ಷೌರಿಕ ತನ್ನ ಕೈ ನೋಡಿಕೊಂಡ. ಕತ್ತರಿ ಇನ್ನೂ ಆಡುತ್ತಿತ್ತು.

ಈ ಕಸುಬಿನಲ್ಲಿ ಅದಕ್ಕೆ ಬರಿಗತ್ತರಿ ಎನ್ನುತ್ತಾರೆಂದು ಸೋದರಮಾವ ಹೇಳುತ್ತಿದ್ದ. ಕೂದಲಿಗೂ ಕೂದಲಿಗೂ ನಡುವೆ ಕೈ ನಿಲ್ಲಬಾರದು, ಗಾಳಿಯನ್ನಾದರೂ ಕತ್ತರಿಸುತ್ತಿರಬೇಕು, ನಿಂತ ಕೈ ತಾಳ ತಪ್ಪುತ್ತದೆ. ಕಲಿಯುವಾಗ ಆ ಸದ್ದು ಕೇಳಿಸುತ್ತದೆ. ಕಲಿತ ಮೇಲೆ ಕೇಳಿಸುವುದಿಲ್ಲ. ಯಾವ ಕ್ಷೌರಿಕನಿಗೂ ತನ್ನ ಕತ್ತರಿ ಕೇಳಿಸುವುದಿಲ್ಲ, ನಮಗೆ ನಮ್ಮ ಉಸಿರು ಕೇಳಿಸದ ಹಾಗೆ.

ಅವನು ಕೈ ಬಿಗಿಹಿಡಿದು ನಿಲ್ಲಿಸಿದ. ಹಾರನ್ ಎರಡು ಸಲ ಬೊಗಳಿ ನಿಂತಿತು. ಕಿವಿ ನಿಮಿರಿಸಿ ಬಾಗಿಲನ್ನೇ ನೋಡಿತು. ಅವನು ಬೇಕೆಂದೇ ಒಮ್ಮೆ ಆಡಿಸಿದ. ಮತ್ತೆ ಬೊಗಳು.

"ಅಕ್ಕಾ, ನಾನು ಅಣ್ಣನಿಗೆ ಕೂದಲು ತೆಗೀವಾಗ ಇದನ್ನ ಎಲ್ಲಿ ಬಿಡ್ತಿದ್ರಿ?"

"ಹೊರಗೆ ಹಾಕಿ ಬಾಗಿಲು ಹಾಕ್ತಿದ್ವಲ್ಲ. ಇಲ್ಲಾಂದ್ರೆ ಮಂಚ ಹತ್ತಿ ನಿಮ್ಮ ಕೈ ನೆಕ್ಕೋದು. ನೆನಪಿಲ್ವಾ, ಮುಗಿಯೋವರೆಗೂ ಬಾಗಿಲ ಹತ್ರ ಒಂದೇ ಸಮ ಕೂಗ್ತಿತ್ತು. ಬಾಗಿಲು ತೆಗೆದ ತಕ್ಷಣ ಓಡಿಹೋಗಿ ಅವರ ಗಲ್ಲ ಮೂಸೋದು. 'ಏನ್ ಇನ್ಸ್‌ಪೆಕ್ಟರೇ, ಸರಿಯಾಗಿದ್ಯಾ' ಅಂತಿದ್ರು ಅವರು."

"ಈ ಕೋಣೆ ಆಚೆ ಗೋಡೆ..."

"ನಿಮ್ಮ ಒಳಕೋಣೆ."

ಕ್ಷೌರಿಕ ಕತ್ತರಿಯನ್ನು ನೆಲದ ಮೇಲಿಟ್ಟ. ಹೇಳದೆ ಸುಮ್ಮನಿರಬಹುದಿತ್ತು. ನಾಳೆ ಗಾಡಿ ಬರುತ್ತಿತ್ತು, ನಾಯಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೋದಾಮಿನ ಕತ್ತಲಲ್ಲಿ ಹಾರನ್ನಿಗೆ ಯಾವ ಬಾಗಿಲೂ ಇರುತ್ತಿರಲಿಲ್ಲ, ಈ ಮನೆಯಲ್ಲಿ ನರ್ಸಕ್ಕನಿಗೆ ಮಾತಾಡಲು ಗಾಲಿಕುರ್ಚಿಯೊಂದೇ ಉಳಿಯುತ್ತಿತ್ತು.

"ದೆವ್ವ ಅಲ್ಲ ಅಕ್ಕಾ, ನಾನು," ಎಂದ. "ರಾತ್ರಿ ಗೋಡೆಗೊರಗಿ ಕೂತು ಕತ್ತರಿ ಆಡಿಸ್ತಾ ಇರ್ತೀನಿ. ಆ ಸದ್ದು ಈ ಕೋಣೆಯೊಳಗಿಂದ ಬಂದ ಹಾಗೆ ಇದಕ್ಕೆ ಕೇಳುತ್ತೆ. ಒಳಗೆ ಅಣ್ಣನಿಗೆ ಕಟಿಂಗ್ ಆಗ್ತಿದೆ, ಬಾಗಿಲು ತೆಗೀರಿ ಅಂತ ಇದು ಕೂಗುತ್ತೆ. ಇದು ನಿಲ್ಲಿಸ್ಲಿ, ಮಲಗ್ತೀನಿ ಅಂತ ನಾನು ಆಡಿಸ್ತಾನೇ ಇರ್ತೀನಿ."

ನರ್ಸಕ್ಕ ಎದ್ದು ಚಿಲಕ ತೆಗೆದಳು. ಆ ಬಾಗಿಲು ತೆರೆಯದೆ ಬಹಳ ದಿನವಾಗಿತ್ತೆಂದು ಅದು ಕಿರುಗುಟ್ಟಿದ್ದರಲ್ಲೇ ಗೊತ್ತಾಯಿತು. ಒಳಗೆ ಕಬ್ಬಿಣದ ಮಂಚ, ಸುತ್ತಿಟ್ಟ ಹಾಸಿಗೆ, ಗೂಡಿನಲ್ಲಿ ಖಾಲಿ ಔಷಧಿ ಬಾಟಲಿ. ಹಾರನ್ ನುಗ್ಗಿ ಹೋಯಿತು. ಮಂಚದ ಮೇಲೆ ಮೂಸಿತು, ಕೆಳಗೆ ಮೂಸಿತು, ಗೋಡೆಯ ಬುಡ ಮೂಸಿತು. ತಿರುಗಿ ಬಂದು ಕ್ಷೌರಿಕನ ಮುಖ ನೋಡಿತು. ಅಂಗಡಿಯಲ್ಲಿ ಎಷ್ಟೋ ಜನರ ಮುಖ ಹಿಡಿದು ಅತ್ತ ಇತ್ತ ತಿರುಗಿಸಿದವನು. ಆ ನೋಟವನ್ನು ಮಾತ್ರ ಅವನಿಂದ ನೋಡಲಾಗಲಿಲ್ಲ.

ಕೊನೆಗೆ ಅದು ಮಂಚದ ಕೆಳಗೆ ಹೋಗಿ ಮಲಗಿತು. ಅಲ್ಲೇ ಅವನು ಅದರ ಜಡೆ ಬಿಡಿಸಿದ. ಕತ್ತರಿಯನ್ನು ಗಾಳಿಯಲ್ಲಿ ಒಮ್ಮೆಯೂ ಆಡಿಸದೆ, ಹೊಸದಾಗಿ ಕೆಲಸ ಕಲಿಯುವವನ ಹಾಗೆ, ತಡೆದು ತಡೆದು.

ಮಾಲೀಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು.

"ಕತ್ತರಿ ಆಡಿಸ್ತೀಯಾ? ರಾತ್ರಿ ಹೊತ್ತಲ್ಲಿ? ಯಾರ ತಲೆ ಮೇಲೆ?"

"ಯಾರ ತಲೇನೂ ಇಲ್ಲ. ಸುಮ್ನೆ."

"ಸುಮ್ನೆ ಅಂದ್ರೆ?"

"ಮನೇಲಿ ಏನಾದ್ರೂ ಸದ್ದು ಇರ್ಲಿ ಅಂತ."

ಈ ಮಾತು ನಾಳೆ ಬೆಂಚಿನ ಮೇಲೆ ಕೂತು ಎಲ್ಲರೂ ನಗುವ ಮಾತಾಗುತ್ತದೆ ಎಂದುಕೊಂಡು ಕ್ಷೌರಿಕ ನಗುವಿಗೆ ಕಾದ. ಮಾಲೀಕ ನಗಲಿಲ್ಲ. ಒಳಗೆ ಕೂಸು ಅಳುತ್ತಿತ್ತು, ಮಗಳು ಅದಕ್ಕೆ ಏನೋ ಹೇಳುತ್ತಿದ್ದಳು. ಮಾಲೀಕ ಅತ್ತ ಒಮ್ಮೆ ನೋಡಿ, ಬಾಗಿಲು ಅರ್ಧ ಎಳೆದುಕೊಂಡ.

"ಗಾಡಿ ಬೇಡ ಅಂತ ಹೇಳ್ತೀನಿ. ಇವತ್ತು ರಾತ್ರಿ ನೋಡೋಣ. ಬೊಗಳಿದ್ರೆ ಮಾತ್ರ ನನ್ನ ಕೇಳ್ಬೇಡ."

ಆ ಸಂಜೆ ಕ್ಷೌರಿಕ ಕತ್ತರಿಯ ಸುರುಳಿಯನ್ನು ಅಂಗಡಿಯ ಕನ್ನಡಿಯ ಕೆಳಗಿನ ಖಾನೆಯಲ್ಲಿಟ್ಟ. ಸೋದರಮಾವ ಕ್ಷಮಿಸಲಿ ಎಂದುಕೊಂಡು ಬೀಗ ಹಾಕಿದ. ಬರಿಗೈಯಲ್ಲಿ ಮನೆಗೆ ಬಂದ. ಅನ್ನ ಮಾಡಿದ, ಉಂಡ, ಪಾತ್ರೆ ತೊಳೆದ, ಒಳಕೋಣೆಗೆ ಬಂದು ದೀಪ ಆರಿಸಿ ಮಲಗಿದ.

ಬೀದಿ ಇಡೀ ಸದ್ದಡಗಿತು. ಮೇಲೆ ಕೂಸೂ ಮಲಗಿರಬೇಕು. ತಾನು ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ ಅಲ್ಲವೇ ಎಂದು ಅವನು ನಿದ್ದೆಗಾಗಿ ಕಾದ. ನಿದ್ದೆ ಬರಲಿಲ್ಲ. ಬೈಯಲು ಈಗ ಯಾರೂ ಇರಲಿಲ್ಲ.

ಗೋಡೆಯ ಆಚೆ ಉಗುರುಗಳ ಸದ್ದಾಯಿತು. ನರ್ಸಕ್ಕ ಆ ಕೋಣೆಯ ಬಾಗಿಲು ತೆರೆದೇ ಬಿಟ್ಟಿದ್ದಳು. ಹಾರನ್ ಮಂಚದ ಕೆಳಗೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಧೊಪ್ಪನೆ ಮಲಗಿ ನಿಟ್ಟುಸಿರಿಟ್ಟಿತು. ಗೋಡೆ ಅಷ್ಟು ತೆಳುವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅವನು ಮಗ್ಗುಲಾಗಿ ಗೋಡೆಯ ಹತ್ತಿರ ಸರಿದ. ಹೊದಿಕೆಯ ಮೇಲೆ ಅವನ ಬಲಗೈಯ ಎರಡು ಬೆರಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು, ಸದ್ದಿಲ್ಲದೆ.