ಒರತೆಯ ನೊರೆ

ಎಲೆಮೆಸ್ ಮುದುಕ ಆ ಮರಳುಗಾಡಿನ ರಾಷ್ಟ್ರೀಯ ಉದ್ಯಾನದಲ್ಲಿ ಹತ್ತೊಂಬತ್ತು ವರ್ಷದಿಂದ ದಾರಿ ತೋರಿಸುವವನು. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ನಡಿಗೆ. ಅಂದು ಅಲ್ಮಾಟಿಯಿಂದ ಬಂದ ಏಳು ಜನರನ್ನು ಕೆಂಪು ಕಣಿವೆಯೊಳಗೆ ಕರೆದೊಯ್ಯುತ್ತಿದ್ದ. ಹಿಂದಿರುಗಿ ನೋಡಿದರೆ ದಾರಿಯುದ್ದಕ್ಕೂ ಮೊಟ್ಟೆಯ ಸಿಪ್ಪೆ. ಸಕ್ಸಾವುಲ್ ಪೊದೆಯ ಬುಡದಲ್ಲಿ ಯಾರೋ ಒರೆಸಿ ಬಿಸಾಕಿದ ಕಾಗದ, ಅದರ ಮೇಲೆ ಮುತ್ತಿದ ನೊಣ. ಮುದುಕ ಅವರನ್ನು ಗದರಲಿಲ್ಲ. ಬಂದವರು ಕೂತು ಉಂಡೇಳುವ ತನಕ ಅವರಿಗೆ ಎದುರಾಡುವ ಹಾಗಿಲ್ಲ ಎಂದು ಅಪ್ಪನ ಕಾಲದಿಂದ ಕಲಿತದ್ದು. ಬಗ್ಗಿ ಬಗ್ಗಿ ಎಲ್ಲವನ್ನೂ ತನ್ನ ಚೀಲಕ್ಕೆ ತುಂಬಿಕೊಂಡ.

ಕಣಿವೆಯ ಕೊನೆಗೆ ಒರತೆ. ಬಂಡೆಯ ಸಂದಿನಿಂದ ನೀರು ತೊಟ್ಟಿಕ್ಕಿ, ಒಂದು ಹಂಡೆ ಹಿಡಿಯುವಷ್ಟು ಗುಂಡಿಯಲ್ಲಿ ನಿಲ್ಲುತ್ತದೆ. ಆ ವರ್ಷ ಉಳಿದೆರಡು ಒರತೆಗಳು ಜೂನಿನಲ್ಲೇ ಬತ್ತಿದ್ದವು. ಈಗ ಇಷ್ಟೇ ನೀರು, ಇದನ್ನೇ ನಂಬಿದ ಒಂದು ಕಾಡುಕತ್ತೆ, ಅದರ ಇಪ್ಪತ್ತು ದಿನದ ಮರಿ. ಜನ ಅತ್ತ ಹೋದರೆ ಅವು ಇತ್ತ ಇಳಿಯುತ್ತವೆ. ನೀರು ಮುಟ್ಟಬೇಡಿ ಎಂದು ಹೇಳಬೇಕಿತ್ತು. ಉಂಡ ಮೇಲೆ ಹೇಳಿದರಾಯಿತು ಎಂದುಕೊಂಡು, ಅವು ಎಲ್ಲಿವೆ ನೋಡಲು ದಿಬ್ಬ ಹತ್ತಿದ. ಇದ್ದವು, ಬಂಡೆಯ ನೆರಳಲ್ಲಿ. ಮರಿ ತಾಯಿಯ ಬತ್ತಿದ ಕೆಚ್ಚಲಿಗೆ ಮೂತಿ ಗುದ್ದುತ್ತಿತ್ತು.

ಇಳಿದು ಬಂದರೆ ಗುಂಡಿಯ ತುಂಬ ನೊರೆ. ಕುರಿಯ ಕೊಬ್ಬು ಹಳದಿ ಚಕ್ರ ಚಕ್ರವಾಗಿ ತೇಲುತ್ತಿತ್ತು. ತಂಡದ ಯಜಮಾನ ಮರ್ಗುಲಾನ್, ಡೊಳ್ಳುಹೊಟ್ಟೆಯವನು, ಎರಡೂ ಕಾಲು ಅದರಲ್ಲೇ ಇಳಿಬಿಟ್ಟು ಬೆರಳ ಸಂದಿ ಉಜ್ಜಿಕೊಳ್ಳುತ್ತಿದ್ದ. ಪಕ್ಕದಲ್ಲಿ ಅವನ ತಂಗಿ ಅಕ್ಬೋಪೆ ಕುರಿಮಾಂಸ ಕಟ್ಟಿ ತಂದು ಜಿಡ್ಡಾದ ತಟ್ಟೆಗೆ ಹಸಿರು ಸೋಪಿನ ನೀರು ಸುರಿದು ತಿಕ್ಕುತ್ತಿದ್ದಳು. ಗಾಳಿಗೆಲ್ಲ ನಿಂಬೆಹಣ್ಣಿನ ವಾಸನೆ.

"ಬನ್ನಿ ಅಕ್ಸಕಾಲರೇ, ದೊಡ್ಡೋರ ಜಾಗದಲ್ಲಿ ಕೂತ್ಕೊಳ್ಳಿ! ಇಷ್ಟು ಜನದಲ್ಲಿ ಬಿಳಿಗಡ್ಡದ ಹಿರಿಯರು ಅಂತ ಇರೋದು ನೀವೊಬ್ಬರೇ," ಎಂದ ಮರ್ಗುಲಾನ್.

ಬೆಳಿಗ್ಗೆ ಬೇಯಿಸಿ ಬಟ್ಟೆ ಸುತ್ತಿ ಹೊತ್ತು ತಂದಿದ್ದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು, ಮೂತಿ ಮುದುಕನ ಕಡೆ ಬರುವ ಹಾಗೆ ತಿರುಗಿಸಿ, ಕಾಲು ನೀರಿನಲ್ಲಿದ್ದಂತೆಯೇ ಚೂರಿಯ ಹಿಡಿ ಮುಂದೆ ಚಾಚಿದ. ಅದು ಹಿರಿಯನಿಗೆ ಸಲ್ಲುವ ಮರ್ಯಾದೆ; ಅವನು ಕೊಯ್ದು ಹಂಚದೆ ಉಳಿದವರು ತುತ್ತೆತ್ತುವಂತಿಲ್ಲ. ಎಲ್ಲರೂ ಕಾದರು. ತಟ್ಟೆಯ ಅಂಚಿನಲ್ಲಿ ಇನ್ನೂ ನೊರೆ ಇತ್ತು.

"ಒರತೇಲಿ ತಟ್ಟೆ ತೊಳೆದ್ಯಾ ತಾಯಿ?"

"ಮತ್ತೆ? ನಿಮಗೆ ಕೊಡೋ ತಲೇನ ಕೊಳಕು ತಟ್ಟೇಲಿ ಇಡೋಕಾಗುತ್ತಾ ಅಜ್ಜ?" ಎಂದಳು ಅಕ್ಬೋಪೆ. ಮನಸ್ಸಿನಲ್ಲಿ ಕಪಟವಿರಲಿಲ್ಲ.

ಎಲೆಮೆಸ್‌ಗೆ ಅವರ ಮೇಲೆ ಎಷ್ಟು ಅಸಹ್ಯವೋ ಮೊದಲೇ ಹೇಳದ ತನ್ನ ಮೇಲೂ ಅಷ್ಟೇ. ಎರಡೂ ಕೈಯಿಂದ ತಟ್ಟೆ ಹಿಡಿದು, ತಲೆಯ ಮೂತಿಯನ್ನು ಮರ್ಗುಲಾನ್ ಕಡೆಗೆ ತಿರುಗಿಸಿಟ್ಟ. ಎಪ್ಪತ್ತು ವರ್ಷದಲ್ಲಿ ಯಾರಿಗೂ ಹಾಗೆ ಮಾಡಿದವನಲ್ಲ.

"ನನಗೆ ಬೇಡ. ಒಂದೊಂದು ಬಾಟಲಿ ಇಟ್ಕೊಂಡು ಉಳಿದ ನೀರೆಲ್ಲ ಇಲ್ಲಿ ತನ್ನಿ."

ಮರ್ಗುಲಾನನ ಮುಖ ಕೆಂಪಾಯಿತು. "ತಲೆ ವಾಪಸ್ ಮಾಡ್ತೀರಾ? ನಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಎದ್ದು ಹೋಗ್ತಿದ್ರು. ನಾವೇನು ವಿಷ ಹಾಕಿದ್ವಾ?"

"ನನಗಲ್ಲಪ್ಪ, ಮೇಲೆ ನಿಂತಿರೋ ಕಾಡುಕತ್ತೆಗೆ ಹಾಕಿದೀರಿ. ಮರಿ ಇದೆ ಜೊತೇಲಿ."

"ಒಂದು ಕತ್ತೆಗೋಸ್ಕರ..."

"ಕಾಲು ತೆಗೆಯೋ ನೀರಿಂದ!"

ಆ ದನಿಗೆ ಮರ್ಗುಲಾನ್ ಕಾಲು ತೆಗೆದ. ಮುದುಕ ತನ್ನ ಚಹಾದ ಬಟ್ಟಲಿನಿಂದ ಗುಂಡಿಯ ನೀರನ್ನು ಮೊಗೆದು ಮೊಗೆದು ದೂರ ಚೆಲ್ಲಿದ. ಅಕ್ಬೋಪೆ ತಲೆವಸ್ತ್ರ ಬಿಚ್ಚಿ ಕಲ್ಲಿಗಂಟಿದ ಜಿಡ್ಡನ್ನು ಒರೆಸಿದಳು. ಬಾಟಲಿಗಳು ಒಂದೊಂದಾಗಿ ಬಂದವು. ಎರಡು ಸಲ ತೊಳೆದು, ಉಳಿದದ್ದನ್ನು ಗುಂಡಿಗೆ ತುಂಬಿದರು. ತಲೆಯನ್ನು ಯಾರೂ ಮುಟ್ಟಲಿಲ್ಲ. ಅದರ ಕಣ್ಣಿನ ಮೇಲೆ ನೊಣ ಕೂತಿತ್ತು. ಮುದುಕ ಅದನ್ನು ಬಟ್ಟೆಯಲ್ಲಿ ಕಟ್ಟಿ ಮರ್ಗುಲಾನನ ಬೆನ್ನಿಗೇ ಹೊರಿಸಿದ.

ದಿಬ್ಬದ ತಿರುವಿನಲ್ಲಿ ಎಲ್ಲರನ್ನೂ ಕೂರಿಸಿ ಬಾಯಿಗೆ ಬೆರಳಿಟ್ಟ. ತುಸು ಹೊತ್ತಿಗೆ ತಾಯಿ ಇಳಿದು ಬಂತು, ಹಿಂದೆ ಮರಿ. ತಾಯಿ ನೀರಿಗೆ ಮೂತಿಯಿಟ್ಟಿತು. ತಟ್ಟನೆ ತಲೆಯೆತ್ತಿ ಮೇಲ್ದುಟಿ ಸೊಟ್ಟ ಮಾಡಿ ಸೀನಿತು. ನಿಂಬೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮರಿ ಬಾಗಿತ್ತೋ ಇಲ್ಲವೋ, ಅದರ ಕುತ್ತಿಗೆಗೆ ಹಲ್ಲು ತಾಗಿಸಿ ಅತ್ತ ದೂಡಿತು. ಎರಡೂ ಬಂದ ದಾರಿಯಲ್ಲೇ ಬಿಸಿಲಿಗೆ ಹತ್ತಿದವು.

"ಕುಡೀಲಿಲ್ಲ," ಎಂದ ಮರ್ಗುಲಾನ್, ಮೆಲ್ಲಗೆ.

"ಇಲ್ಲ."

"ನಾಳೆ ಹೊತ್ತಿಗೆ ಹೊಸ ನೀರು ಬಂದಿರುತ್ತಲ್ಲ ಅಕ್ಸಕಾಲರೇ?"

"ನೀರು ಬರುತ್ತೆ," ಎಂದ ಎಲೆಮೆಸ್. "ಅಲ್ಲೀತನಕ ಮರಿ ಇರಬೇಕಲ್ಲ."

ಎದ್ದು, ಯಾರಿಗೂ ಕಾಯದೆ, ಮುಂದೆ ನಡೆದ.